ಸೊಗಾನೆಗೆ ನಾಲ್ಕು ದೀಪ ಹಾಕಿದ್ರೆ ಆಯ್ತಾ?

ನಮ್ಮ ಶಿವಮೊಗ್ಗದ ಸೊಗಾನೆ ವಿಮಾನ ನಿಲ್ದಾಣದ ಮಾತು ಬಂದ್ರೆ ನಮ್ಮ ವಾಟ್ಸಾಪ್ ಗುಂಪಲ್ಲಿ ಯಾರಾದ್ರೂ ಒಬ್ರು ಬರೆದೇ ಬರೀತಾರೆ: "ರಾತ್ರಿ ವಿಮಾನ ಇಳಿಸೋಕೆ ಎಂತ ಕಷ್ಟ ಮಾರಾಯ್ರೆ? ನಾಲ್ಕು ದೀಪ ಹಾಕಿದ್ರೆ ಆಯ್ತಪ್ಪ." ಮೋಡ ಕವಿದು ವಿಮಾನ ಇಳಿಯದೆ ವಾಪಸ್ ಹೋದ ದಿನವಂತೂ ಪೈಲಟ್ಟಿಗೆ ಮಂಗಳಾರತಿ. ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಬರೀತಿದ್ದೀನಿ.

2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಮೊದಲ ವಿಮಾನ ಬಂತು. 3,200 ಮೀಟರ್ ರನ್‌ವೇ, ಬೆಂಗಳೂರು ಬಿಟ್ರೆ ನಮ್ಮದೇ ಉದ್ದ ಅಂತ ಎದೆ ತಟ್ಟಿಕೊಂಡ್ವಿ. ಸರಿ. ಆದ್ರೆ ಆ ಉದ್ದ ಉಪಯೋಗಕ್ಕೆ ಬರೋದು ಚಕ್ರ ನೆಲ ಮುಟ್ಟಿದ ಮೇಲೆ. ಶಿವಮೊಗ್ಗ ಇರೋದು ಸಮುದ್ರಮಟ್ಟದಿಂದ 570 ಮೀಟರ್ ಆಸುಪಾಸು. ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿ 1,434, ಅದರಾಚೆ ಮುಳ್ಳಯ್ಯನಗಿರಿ 1,930. ಕಾರಲ್ಲಿ ಹೋಗೋರಿಗೆ ಅದು ಅರ್ಧ ದಿನದ ಪ್ರವಾಸ. ಇಳಿಯೋ ವೇಗದಲ್ಲಿರೋ ವಿಮಾನಕ್ಕೆ ಕೆಮ್ಮಣ್ಣುಗುಂಡಿಯಿಂದ ಇಲ್ಲಿಗೆ ಹತ್ತು ನಿಮಿಷದ ಆಸುಪಾಸು.

ರಾತ್ರಿ ಆಗುಂಬೆ ಕಡೆಯಿಂದ ಬರುವಾಗ ಕಾಡಿನ ನಡುವೆ ಒಂಟಿ ಮನೆ ದೀಪ ಕಾಣುತ್ತಲ್ಲ, ಅದು ಇಲ್ಲೇ ತಿರುವಲ್ಲಿದ್ಯಾ, ಮೂರು ಮೈಲಿ ಆಚೆ ಗುಡ್ಡದ ಮೇಲಿದ್ಯಾ ಹೇಳಿ ನೋಡೋಣ. ಆಗಲ್ಲ. ನಡುವೆ ಮರ, ಬೇಲಿ, ಗದ್ದೆ ಏನೂ ಕಾಣದಿದ್ರೆ ಕಣ್ಣಿಗೆ ಅಳತೆಯೇ ಸಿಗಲ್ಲ. ಪೈಲಟ್ಟಿಗೂ ಇರೋದು ಅದೇ ಕಣ್ಣು. ಸುತ್ತ ತೋಟ, ಕಾಡು, ಕತ್ತಲೆ. ದೂರದಲ್ಲಿ ರನ್‌ವೇ ದೀಪದ ಸಾಲು ಮಾತ್ರ. ಆಗ ಕಣ್ಣು 'ನೀನು ಜಾಸ್ತಿ ಎತ್ತರದಲ್ಲಿದ್ದೀಯ' ಅಂತ ಸುಳ್ಳು ಹೇಳುತ್ತೆ. ನಂಬಿದ್ರೆ ವಿಮಾನ ಬೇಕಾದ್ದಕ್ಕಿಂತ ಕೆಳಗೆ ಕೆಳಗೆ ಹೋಗಿ ರನ್‌ವೇ ಸಿಗೋ ಮೊದಲೇ ನೆಲ ಸಿಗುತ್ತೆ. ಇದಕ್ಕೆ 'ಬ್ಲ್ಯಾಕ್ ಹೋಲ್' ಅಂತಾರೆ. ಬೋಯಿಂಗ್‌ನ ಕಾನ್ರಾಡ್ ಕ್ರಾಫ್ಟ್ 1960ರ ದಶಕದಲ್ಲೇ ಸಿಮ್ಯುಲೇಟರ್‌ನಲ್ಲಿ ಇದನ್ನ ತೋರಿಸಿದ್ರು. ಮೋಸ ಹೋದೋರು ಹೊಸಬರಲ್ಲ, ನುರಿತ ಪೈಲಟ್‌ಗಳು.

ಅದಕ್ಕೇ ಅವರು ಲೆಕ್ಕ ನಂಬ್ತಾರೆ. ಮೂರು ಡಿಗ್ರಿ ಇಳಿಜಾರು ಅಂದ್ರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ಇನ್ನೂ ಐದು ಮೈಲಿ ಇದ್ರೆ ರನ್‌ವೇಗಿಂತ 1,500 ಅಡಿ ಮೇಲಿರಬೇಕು. ರನ್‌ವೇ ಪಕ್ಕದ ಪಾಪಿ ದೀಪಗಳು (ಹೆಸರು ಕೇಳಿ ನಗಬೇಡಿ) ಎರಡು ಬಿಳಿ, ಎರಡು ಕೆಂಪು ಕಂಡ್ರೆ ದಾರಿ ಸರಿ. ನಾಲ್ಕೂ ಕೆಂಪಾದ್ರೆ ತೀರಾ ಕೆಳಗಿದ್ದಾರೆ ಅಂತ.

ಯಂತ್ರ ಎಚ್ಚರಿಸಲ್ವಾ ಅಂತೀರಾ? ಎಚ್ಚರಿಸುತ್ತೆ. ಹಳೇ ಯಂತ್ರ ನೇರ ಕೆಳಗಿನ ನೆಲ ಮಾತ್ರ ಅಳೀತಿತ್ತು, ಎದುರಿಗಿರೋ ಗುಡ್ಡ ಅದಕ್ಕೆ ಗೊತ್ತಾಗ್ತಿರಲಿಲ್ಲ. 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ಊರಿಗೆ ಇಳೀತಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನ ಕಂಪ್ಯೂಟರಿಗೆ ಕೊಟ್ಟ ತಪ್ಪು ಗುರುತಿನಿಂದ ಎಡಕ್ಕೆ ತಿರುಗಿ ಕಣಿವೆ ಬಿಟ್ಟು ಹೋಯ್ತು. ಎಚ್ಚರಿಕೆ ಕೂಗಿದ್ದು ಕೊನೇ ಹನ್ನೆರಡು ಸೆಕೆಂಡು ಚಿಲ್ಲರೆಯಲ್ಲಿ. ಪೂರ್ತಿ ಶಕ್ತಿ ಹಾಕಿ ಮೂತಿ ಮೇಲೆತ್ತಿದ್ರು, ಆದ್ರೆ ರೆಕ್ಕೆ ಮೇಲೆ ಎದ್ದು ನಿಂತು ವೇಗ ತಗ್ಗಿಸೋ ಸ್ಪೀಡ್ ಬ್ರೇಕ್ ಮಡಚದೆ ಹಾಗೇ ಉಳೀತು. 159 ಜನ ಸತ್ರು. ಡಾನ್ ಬೇಟ್‌ಮನ್ ಅನ್ನೋ ಎಂಜಿನಿಯರ್ ಮತ್ತು ಅವರ ತಂಡ ಮಾಡಿದ ಹೊಸ ಯಂತ್ರದಲ್ಲಿ ಗುಡ್ಡಬೆಟ್ಟಗಳ ನಕ್ಷೆಯೇ ಇದೆ, ಎದುರಿನ ಗುಡ್ಡವನ್ನ ಮೊದಲೇ ಹಳದಿ, ಕೆಂಪಲ್ಲಿ ತೋರಿಸುತ್ತೆ. ನನ್ನ ಕೇಳಿದ್ರೆ ವಿಮಾನಯಾನದಲ್ಲಿ ಇಷ್ಟು ಜನರ ಜೀವ ಉಳಿಸಿದ ಯಂತ್ರ ಇನ್ನೊಂದಿಲ್ಲ. ಆದ್ರೂ ಅದು ಕೊನೇ ಗಳಿಗೆಯ ಕೂಗು. ಅದನ್ನ ನಂಬಿಕೊಂಡು ಯಾರೂ ದಾರಿ ಹಾಕಲ್ಲ.

ಹಾಗಾಗಿ ಮನವಿಪತ್ರ ಹಿಡಿದು ಹೋಗೋರು 'ನೈಟ್ ಲ್ಯಾಂಡಿಂಗ್' ಅಂತಷ್ಟೇ ಬರೆದು ಸಹಿ ಹಾಕಿಸಬೇಡಿ. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರಿಸೋ ವ್ಯವಸ್ಥೆ) ಕೇಳಿ, ಗುಡ್ಡಗಳನ್ನ ಅಳೆದು ಮಾಡಿದ ಇಳಿಯೋ ದಾರಿ ಕೇಳಿ, ಹವಾಮಾನ ನೋಡೋ ಸಲಕರಣೆ ಕೇಳಿ. ವಿಮಾನ ವಾಪಸ್ ಹೋದ್ರೆ ಟಿಕೆಟ್ ದುಡ್ಡಿಗೆ, ಬಸ್ಸಿಗೆ, ಊಟಕ್ಕೆ ಕಂಪನಿ ಹತ್ರ ಜಗಳ ಆಡಿ, ನಾನೂ ಬರ್ತೀನಿ. ಯಾಕೆ ಇಳಿಸಲಿಲ್ಲ ಅಂತ ಪೈಲಟ್ಟನ್ನ ಮಾತ್ರ ಬೈಬೇಡಿ.