‘ಇಷ್ಟೂ ಗೊತ್ತಿಲ್ಲವೇ?’ ಎಂದು ಕೇಳುವವರಿಗೆ

ಇವತ್ತು ಕಚೇರಿಯಲ್ಲಿ ಕಂಡದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ರೆ ಹತ್ತುವುದಿಲ್ಲ. ನಾಲ್ಕು ತಿಂಗಳ ಹಿಂದೆ ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಹುಡುಗಿಯೊಬ್ಬಳು, ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಗ್ರಾಹಕರೊಬ್ಬರಿಂದ ಬಂದ ಹಣವನ್ನು ಮಾರಾಟದ ಖಾತೆಗೆ ಜಮಾ ಮಾಡಿದ್ದಳು. ಅದು ಮುಂಗಡ ಹಣ. ಸರಕು ಇನ್ನೂ ಹೊರಟೇ ಇಲ್ಲದಿರುವಾಗ ಅದು ಸಂಸ್ಥೆಯ ಆದಾಯವಾಗುವುದಿಲ್ಲ, ಗ್ರಾಹಕರಿಗೆ ಸಂಸ್ಥೆ ತೀರಿಸಬೇಕಾದ ಹೊಣೆಯಾಗಿ ಉಳಿಯುತ್ತದೆ. ತಪ್ಪು ಸಿಕ್ಕ ಕೂಡಲೇ ಹಿರಿಯರೊಬ್ಬರು ಇಡೀ ವಿಭಾಗಕ್ಕೆ ಕೇಳಿಸುವಂತೆ, “ಏನಮ್ಮಾ, ಇಷ್ಟೂ ಗೊತ್ತಿಲ್ಲವೇ ನಿನಗೆ?” ಎಂದರು.

ಮಧ್ಯಾಹ್ನ ಅವಳ ಪಕ್ಕ ಹೋಗಿ ಕುಳಿತಾಗ ಮೇಜಿನ ಮೇಲೆ ಒಂದು ಚೀಟಿ ಕಂಡಿತು. ಆ ರಸೀದಿಯ ಸಂಖ್ಯೆಯನ್ನು ಬರೆದು, ಅದರ ಮುಂದೆ ‘ಮುಂಗಡವೋ, ಮಾರಾಟವೋ? ಕೇಳಬೇಕು’ ಎಂದು ಬರೆದುಕೊಂಡಿದ್ದಳು. ‘ಕೇಳಬೇಕು’ ಎಂಬ ಪದವನ್ನು ಮಾತ್ರ ಆಮೇಲೆ ಎರಡು ಗೆರೆ ಎಳೆದು ಹೊಡೆದು ಹಾಕಿದ್ದಳು.

ಆ ಎರಡು ಗೆರೆಗಳು ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ. ತನ್ನ ತಿಳಿವಳಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ಆ ಹುಡುಗಿಗೆ ಸರಿಯಾಗಿಯೇ ಗೊತ್ತಿತ್ತು. ಅನುಮಾನ ಬರಬೇಕಾದ ಜಾಗದಲ್ಲೇ ಬಂದಿತ್ತು. ಅವಳಲ್ಲಿ ಇಲ್ಲದೆ ಹೋದದ್ದು ಕೇಳುವ ಧೈರ್ಯ ಮಾತ್ರ, ಮತ್ತು ಅದನ್ನು ಈ ನಾಲ್ಕು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಂಡವರು ನಾವು.

ಈ ಭಯ ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಮೇಲಧಿಕಾರಿ, “ಬಾಕಿ ಖರ್ಚುಗಳಿಗೆ ಪ್ರಾವಿಷನ್ ಹಾಕಿದ್ದೀರಾ?” ಎಂದು ಕೇಳಿದಾಗ, ಬಿಲ್ಲು ಬಾರದಿದ್ದರೂ ಆ ತಿಂಗಳ ಖರ್ಚನ್ನು ಆ ತಿಂಗಳಿಗೇ ಹಿಡಿಯಬೇಕೆಂಬ ಸರಳ ಸಂಗತಿ ತಿಳಿಯದೆ, ಕೋಲೆ ಬಸವನ ಹಾಗೆ ತಲೆಯಾಡಿಸಿದ್ದೆ. ಲಾಭ ಇರುವುದಕ್ಕಿಂತ ಹೆಚ್ಚಾಗಿ ಕಂಡಿತು, ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಇದಕ್ಕಿಂತ ನೋವಿನ ಮಾತೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ವರ್ಷಗಳ ನಂತರ, ನಾನೇ ಹಿರಿಯಳಾದ ಮೇಲೆ, ‘ಇಷ್ಟೂ ಗೊತ್ತಿಲ್ಲವೇ?’ ಎಂದು ನಾನೂ ಒಬ್ಬ ಹುಡುಗನನ್ನು ಕೇಳಿದ್ದೇನೆ. ಅವನು ಮತ್ತೆಂದೂ ನನ್ನ ಮೇಜಿನ ಬಳಿ ಬರಲಿಲ್ಲ. ಕೆಲಸ ಕಲಿತುಬಿಟ್ಟ ಎಂದು ನಾನು ಆಗ ಸಮಾಧಾನಪಟ್ಟುಕೊಂಡಿದ್ದೆ.

1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನೋವಿಜ್ಞಾನಿಗಳು, ಸಾಧನೆ ಕಣ್ಣೆದುರೇ ಇದ್ದರೂ ತಾವು ಅದಕ್ಕೆ ತಕ್ಕವರಲ್ಲ, ಇಂದಲ್ಲ ನಾಳೆ ಬಣ್ಣ ಬಯಲಾಗುತ್ತದೆ ಎಂದು ಒಳಗೊಳಗೇ ಹೆದರುವವರ ಬಗ್ಗೆ ಬರೆದು, ಅದನ್ನು ‘ಇಂಪೋಸ್ಟರ್ ಫಿನಾಮಿನನ್’ ಎಂದು ಕರೆದರು. ಆ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ, ಮತ್ತು ಅದನ್ನು ಹೆದರಿದವರ ಕೈಗೇ ಕಾಯಿಲೆಯ ಚೀಟಿಯಂತೆ ಕೊಟ್ಟು ಸುಮ್ಮನಾಗುತ್ತೇವೆ. ಹೆದರಿಸಿದವರ ಮಾತು ಯಾರೂ ಎತ್ತುವುದಿಲ್ಲ. ಆ ಮಾತನ್ನು ಎತ್ತಬೇಕೆಂದು ನನಗೆ ಅನಿಸಿದ್ದು ತಂಡಗಳು ಹೇಗೆ ಕೆಲಸ ಮಾಡುತ್ತವೆ ಎಂದು ಸಂಶೋಧಿಸುವ ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನದ ಬಗ್ಗೆ ಓದಿದಾಗ. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಅವರು ಆಸ್ಪತ್ರೆಗಳ ಲೆಕ್ಕ ತೆಗೆದರೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ. ತಪ್ಪನ್ನು ಬಾಯಿಬಿಟ್ಟು ಹೇಳಲು ಅಲ್ಲಿನವರು ಅಂಜುತ್ತಿರಲಿಲ್ಲ, ಉಳಿದ ಕಡೆ ಮುಚ್ಚಿಡುತ್ತಿದ್ದರು. ನಮ್ಮ ವಿಭಾಗದಲ್ಲಿ ಪ್ರಶ್ನೆಗಳೇ ಬರುವುದಿಲ್ಲ ಎಂದು ಹೆಮ್ಮೆಪಡುವವರು ಇದನ್ನು ಒಮ್ಮೆ ಯೋಚಿಸಬೇಕು.

ಹೀಗೆ ಸಲಿಗೆ ಕೊಟ್ಟರೆ ಯಾರೂ ಓದುವುದಿಲ್ಲ, ಪ್ರತಿಯೊಂದಕ್ಕೂ ಎದ್ದು ಬರುತ್ತಾರೆ, ಹಿರಿಯರ ಸಮಯವೆಲ್ಲ ಪಾಠ ಹೇಳುವುದರಲ್ಲೇ ಕಳೆಯುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಅಂಥವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಓದದೆ ಬರುವವರಿಗೆ ಕೇಳಲು ಭಯವೇ ಇರುವುದಿಲ್ಲ. ನಾವು ಗದರಿದರೂ ಅವರು ನಾಳೆ ಮತ್ತೆ ಬರುತ್ತಾರೆ. ನಮ್ಮ ಗದರಿಕೆ ತಾಗುವುದು, ಮೂರು ಸಲ ಹಳೆಯ ವೋಚರ್‌ಗಳನ್ನು ತಿರುವಿ ಹಾಕಿ, ಆದರೂ ತಿಳಿಯದೆ, ಚೀಟಿಯಲ್ಲಿ ಪ್ರಶ್ನೆ ಬರೆದಿಟ್ಟುಕೊಂಡು ಕೂತವರಿಗೆ. ಇನ್ನು ಸಮಯದ ಮಾತು: ನಿನ್ನೆ ಆ ಪ್ರಶ್ನೆಗೆ ಉತ್ತರಿಸಲು ಎರಡು ನಿಮಿಷ ಸಾಕಿತ್ತು, ಇಂದು ಆ ಎಂಟ್ರಿಯನ್ನು ತಿದ್ದಿ ವರದಿಗಳನ್ನೆಲ್ಲ ಮತ್ತೆ ತೆಗೆಯಲು ಮೂವರಿಗೆ ಅರ್ಧ ದಿನ ಹಿಡಿಯಿತು.

ನನ್ನ ಭಯ ಕಳೆದದ್ದು ಹೆಚ್ಚು ಕಲಿತಿದ್ದರಿಂದಲ್ಲ. ದೊಡ್ಡವರೆಲ್ಲ ಕೂತಿದ್ದ ಸಭೆಯೊಂದರಲ್ಲಿ ನಾನು ತುಂಬ ಗೌರವಿಸುತ್ತಿದ್ದ ಹಿರಿಯರನ್ನು ಏನೋ ಕೇಳಿದಾಗ ಅವರು, “ನನಗೆ ಗೊತ್ತಿಲ್ಲ, ಸಂಜೆಯೊಳಗೆ ನೋಡಿ ಹೇಳುತ್ತೇನೆ” ಎಂದು ಡೈರಿಯಲ್ಲಿ ಬರೆದುಕೊಂಡರು. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಅಷ್ಟೇ. ಅಂದು ನನಗೆ ಸಸ್ಪೆನ್ಸ್ ಖಾತೆ ನೆನಪಾಯಿತು. ಯಾವ ಲೆಕ್ಕಕ್ಕೆ ಸೇರಬೇಕೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿಟ್ಟು, ವಿಚಾರಿಸಿ, ಆಮೇಲೆ ಸರಿಯಾದ ಖಾತೆಗೆ ವರ್ಗಾಯಿಸುತ್ತೇವೆ. ಅದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ತಿಳಿಯದ್ದಕ್ಕೆ ಲೆಕ್ಕದ ಪುಸ್ತಕದಲ್ಲೇ ಜಾಗವಿರುವಾಗ, ಆ ಪುಸ್ತಕ ಬರೆಯುವ ಮನುಷ್ಯರಿಗೆ ಅದು ಏಕಿರಬಾರದು? ಮರುದಿನದಿಂದ ನೋಟ್‌ಬುಕ್‌ನ ಹಿಂಬದಿಯ ಪುಟಗಳಲ್ಲಿ ತಿಳಿಯದ್ದನ್ನು ದಿನಾಂಕ ಹಾಕಿ ಬರೆದಿಡತೊಡಗಿದೆ. ಸಸ್ಪೆನ್ಸ್ ಖಾತೆಯಲ್ಲಿ ಮೊತ್ತ ಬಹಳ ದಿನ ಕೊಳೆಯಬಾರದು, ಆದ್ದರಿಂದ ಎರಡು ದಿನದೊಳಗೆ ಕೇಳಿಯೇ ತೀರಬೇಕು ಎಂದು ನಿಯಮ ಮಾಡಿಕೊಂಡೆ. ಕೇಳುವಾಗ, ಇಲ್ಲಿಯವರೆಗೆ ನನಗೆ ಗೊತ್ತಿದೆ, ಇಲ್ಲಿಂದ ಮುಂದೆ ತಿಳಿಯುತ್ತಿಲ್ಲ ಎಂದು ಹೇಳುವುದನ್ನು ರೂಢಿಸಿಕೊಂಡೆ. ಹಾಗೆ ಕೇಳಿದಾಗ ಗದರಿದವರು ತೀರ ಕಡಿಮೆ.

ಇವತ್ತು ಸಂಜೆ ಆ ಹುಡುಗಿಗೆ ಈ ಪುಟಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿ, “ಮೇಡಂ, ಇನ್ನೂ ಮೂರು ಎಂಟ್ರಿಗಳಲ್ಲಿ ನನಗೆ ಅನುಮಾನ ಇದೆ” ಎಂದಳು. ಎರಡನ್ನು ಅಲ್ಲೇ ಬಗೆಹರಿಸಿದೆವು. ಮೂರನೆಯದರ ಉತ್ತರ ನನಗೂ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗಿ ಆಡಿಟರ್ ಅವರನ್ನು ಕೇಳಲಿದ್ದೇವೆ.