ಕಾಲಿಗೆ ಪ್ರಮಾಣಪತ್ರವಿದೆ, ಆದರೂ ಮಾಸಾಶನವಿಲ್ಲ

ಇವತ್ತು ನಾಲ್ಕನೆಯ ಸಲ ನನ್ನ ತಮ್ಮನ ಅಂಗವಿಕಲ ಮಾಸಾಶನದ ಅರ್ಜಿಯನ್ನು ಕೌಂಟರಿನಿಂದ ಹಿಂದಕ್ಕೆ ತಳ್ಳಿದರು. ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮಲಗಲು ನನ್ನಿಂದ ಆಗುವುದಿಲ್ಲ.

ನನ್ನ ತಮ್ಮ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಮೆಣಸು ಕೊಯ್ಯುತ್ತಿದ್ದವನು. ಮೂರು ವರ್ಷದ ಹಿಂದೆ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ಸೊಂಟ ಮುರಿಯಿತು, ಬಲಗಾಲು ಸ್ವಾಧೀನ ತಪ್ಪಿತು. ವೈದ್ಯರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮಡಿಕೇರಿಯಲ್ಲಿ ಪರೀಕ್ಷೆ ಮಾಡಿ, ಅಂಗವೈಕಲ್ಯ ಶೇಕಡಾ 55 ಎಂದು ಬರೆದುಕೊಟ್ಟರು. ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿಯೂ ಕೈಗೆ ಬಂತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಎಳೆದಿರುವ ಗೆರೆ ಶೇಕಡಾ 40. ಅದನ್ನು ದಾಟಿ 75ರ ಒಳಗಿರುವವರಿಗೆ ತಿಂಗಳಿಗೆ 800 ರೂಪಾಯಿ ಮಾಸಾಶನ. ಈ 800 ರೂಪಾಯಿಗಾಗಿ ಇಷ್ಟು ಅಲೆದಾಟ.

ಮೊದಲು ವಿಳಾಸದ ತಕರಾರು. ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು. ನಾವಿಬ್ಬರೂ ಹುಟ್ಟಿದ್ದು ಲೈನ್ ಮನೆಯಲ್ಲೇ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲೇ. ಮನೆ ತೋಟದ್ದು, ವಿದ್ಯುತ್ ಮೀಟರೂ ತೋಟದ ಹೆಸರಿನಲ್ಲೇ ಇದೆ. ಇಲ್ಲಿ ವಾಸವಾಗಿದ್ದಾನೆ ಎಂದು ಒಂದು ಸಾಲು ಬರೆದುಕೊಡಿ ಎಂದು ಮಾಲೀಕರನ್ನು ಕೇಳಿದೆ. ಕೊಡಲಿಲ್ಲ. ಕೊಟ್ಟರೆ ನಾಳೆ ಮನೆಯ ಮೇಲೆ ಹಕ್ಕು ಕೇಳುತ್ತೇವೆ ಎಂಬ ಭಯವಂತೆ. ಮೂವತ್ತಡಿ ಏಣಿ ಹತ್ತಿಸುವಾಗ ಅವರಿಗೆ ಈ ಭಯ ಇರಲಿಲ್ಲ. ಕೊನೆಗೆ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತೆ, ತಾವೇ ಕಾಲೆಳೆದುಕೊಂಡು ನಡೆಯುವವರು, ನಮಗಾಗಿ ಓಡಾಡಿ ಆ ದಾಖಲೆ ಮಾಡಿಸಿಕೊಟ್ಟರು. ಅವರ ಋಣ ದೊಡ್ಡದು.

ಆಮೇಲೆ ಆದಾಯ. ನನ್ನನ್ನು ಸುಡುತ್ತಿರುವುದು ಇದೇ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದಂತೆ. ಲೆಕ್ಕ ಹಾಕಿದರೆ ದಿನಕ್ಕೆ 88 ರೂಪಾಯಿಯೂ ಆಗುವುದಿಲ್ಲ. ತಮ್ಮ ಬಿದ್ದ ಮೇಲೆ ಅವನ ಹೆಂಡತಿ ತೋಟದ ಕೆಲಸಕ್ಕೆ ಹೋಗುತ್ತಿದ್ದಾಳೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ಕಳೆ ತೆಗೆಯುತ್ತಾಳೆ, ಕೊಯ್ಲಿನಲ್ಲಿ ಭಾನುವಾರವೂ ಹೋಗುತ್ತಾಳೆ. ಆ ಕೂಲಿಯಲ್ಲೇ ಮಾತ್ರೆ, ಅಕ್ಕಿ, ಮಗುವಿನ ಶಾಲೆ ಎಲ್ಲವೂ ನಡೆಯಬೇಕು. ಈಗ ಅದೇ ಕೂಲಿಯನ್ನು ತೋರಿಸಿ ನಿಮಗೆ ಆದಾಯ ಹೆಚ್ಚಾಯಿತು ಎನ್ನುತ್ತಾರೆ. ಅವಳು ದುಡಿಯುತ್ತಿರುವುದೇ ಅವನಿಗೆ ದುಡಿಯಲು ಆಗದ ಕಾರಣಕ್ಕೆ! ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅಲ್ಲಿ ಕುಳಿತವರ ಕಿವಿಗೆ ಹೋಗುವುದಿಲ್ಲ. ಅವಳು ಮನೆಯಲ್ಲಿ ಕುಳಿತು ಮಗುವನ್ನು ಉಪವಾಸ ಕೆಡವಬೇಕಿತ್ತೇ?

ಸ್ಥಳ ಪರಿಶೀಲನೆಗೆ ಬಂದವರು ತಮ್ಮನ ಕಾಲಿನ ಕಡೆ ನೋಡಲೇ ಇಲ್ಲ. ಅಂಗಳದ ಬೈಕ್ ನೋಡಿ ಬರೆದುಕೊಂಡರು. ಬೀಳುವುದಕ್ಕೆ ಮುಂಚೆ ಕಂತಿನಲ್ಲಿ ಕೊಂಡ ಬೈಕ್ ಅದು, ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿದೆ. ತಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. ‘ನಡೆಯುತ್ತಾನಲ್ಲ’ ಎಂದರು. ಶೇಕಡಾ 55 ಎಂದು ವೈದ್ಯರು ಸಹಿ ಹಾಕಿದ ಮೇಲೆ ನಡೆಯುತ್ತಾನೋ ಇಲ್ಲವೋ ಎಂದು ತೀರ್ಮಾನಿಸಲು ಇವರು ಯಾರು? ಮನೆಗೆ ಬಂದವರ ಮುಂದೆ ಎದ್ದು ನಿಂತದ್ದು ಅವನ ಸಂಸ್ಕಾರ. ಅದನ್ನೇ ಅವನ ವಿರುದ್ಧ ಬರೆದುಕೊಂಡು ಹೋದರು.

ಲೈನ್ ಮನೆಯಿಂದ ಟಾರು ರಸ್ತೆಗೆ ಕೆಸರಿನ ದಾರಿ, ಪ್ರತಿ ಸಲವೂ ಜೀಪಿನ ಬಾಡಿಗೆ. ಹೋದ ದಿನ ಕರೆಂಟ್ ಇಲ್ಲ, ಇಲ್ಲವೇ ಸರ್ವರ್ ಇಲ್ಲ.

‘ಇನ್ನು ಬಿಡಕ್ಕ’ ಎನ್ನುತ್ತಾನೆ ತಮ್ಮ. ನಾನು ಬಿಡುವುದಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ. ಕೊಡುವುದಿಲ್ಲ ಎಂದಾದರೆ ಕಾರಣವನ್ನು ಕಾಗದದ ಮೇಲೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಲಿ. ನಾಲ್ಕು ಸಲವೂ ಬಾಯಿಮಾತಿನಲ್ಲೇ ಕಳಿಸಿದ್ದಾರೆ.