ಎಂಟಡಿ ಘಾಟಿ, ನಾಲ್ವರು ಸ್ಟೇಶನ್ ಮಾಸ್ಟರು

ಹಾಸನದ ಕಡೆ ಮಾಡೆಲ್ ರೈಲಿನ ಹುಚ್ಚು ಹತ್ತಿದವರಿಗೆ ಮೊದಲು ಬರುವ ಆಸೆ ಒಂದೇ: ಸಕಲೇಶಪುರದ ಘಾಟಿ ಮಾಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 55 ಕಿ.ಮೀ., ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಐವತ್ತಕ್ಕೆ ಒಂದರ ಏರು. ಇಷ್ಟನ್ನೂ ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಾಳೆಯ ಮೇಲೆ ಇಳಿಸುತ್ತೇನೆಂದು ಹೊರಟಾಗ ಆಸೆ ಮುಗಿದು ಲೆಕ್ಕ ಶುರುವಾಗುತ್ತದೆ. ಒಬ್ಬರೇ ಮಾಡುವುದೋ, ನಾಲ್ಕು ಜನ ಸೇರಿ ಮಾಡುವುದೋ ಎಂಬ ಪ್ರಶ್ನೆ ಹುಟ್ಟುವುದು ಲೆಕ್ಕ ತಪ್ಪಿದ ಮೇಲೆ. ತಪ್ಪು ಹೊರಿಸಲು ಯಾರಾದರೂ ಬೇಕಲ್ಲ!

ಲೆಕ್ಕ ಹೀಗೆ. ಐವತ್ತಕ್ಕೆ ಒಂದು ಎಂದರೆ 50 ಇಂಚು ಹಳಿ ಹಾಕಿದಾಗ ಒಂದಿಂಚು ಏರುವುದು. ಎಚ್‌ಓ ಅಳತೆಯಲ್ಲಿ, ಅಂದರೆ ನಿಜದ ರೈಲಿನ 87ನೇ ಒಂದು ಪಾಲಿನಲ್ಲಿ, ಕೆಳಗೊಂದು ಗಾಡಿ ಮೇಲೊಂದು ಗಾಡಿ ದಾಟಲು ಮೂರಿಂಚು ಜಾಗ ಬೇಕು. ಮೇಲಿನ ಹಲಗೆಯ ದಪ್ಪ ಸೇರಿ ಮೂರೂವರೆ ಅನ್ನಿ. ಅಷ್ಟು ಏರಲು 175 ಇಂಚು, ಹತ್ತಿರ ಹತ್ತಿರ ಹದಿನೈದಡಿ. ಹತ್ತಿದವನು ಇಳಿಯಲೂ ಬೇಕು, ಅದಕ್ಕೆ ಇನ್ನೊಂದು ಹದಿನೈದು. ಆ ಪ್ಲೈವುಡ್ಡಿನ ಅಂಚಿಗೆ 22 ಇಂಚು ತ್ರಿಜ್ಯದ ತಿರುವು ಹಾಕಿ ಪೂರಾ ಒಂದು ಸುತ್ತು ಬಂದರೆ ಸಿಗುವುದು ಹತ್ತೊಂಬತ್ತೂವರೆ ಅಡಿ. ಹತ್ತಡಿ ಸಾಲ ಬಿತ್ತು. ಈ ಸಾಲ ತೀರಿಸಲು ಎಲ್ಲರೂ ಮಾಡುವುದು ಒಂದೇ ಉಪಾಯ: ಏರನ್ನು ಇಪ್ಪತ್ತೈದಕ್ಕೆ ಒಂದು ಮಾಡಿಬಿಡುವುದು. ಎಂಜಿನ್ನು ಮೂರು ಬೋಗಿ ಎಳೆಯುತ್ತದೆ. ನಾಲ್ಕನೆಯದು ಸಿಕ್ಕಿಸಿದಿರೋ, ಇದ್ದಲ್ಲೇ ಚಕ್ರ ತಿರುಗಿಸುತ್ತ ನಿಲ್ಲುತ್ತದೆ, ಕೆಸರಲ್ಲಿ ಹೂತ ಜೀಪಿನ ಹಾಗೆ. ತಿರುವಿನಲ್ಲೇ ಏರು ಬಂದರೆ ಇನ್ನೂ ಕಷ್ಟ. ಏರಿನ ಭಾರದ ಮೇಲೆ ತಿರುವಿನ ಉಜ್ಜಾಟವೂ ಕೂಡಿಕೊಳ್ಳುತ್ತದೆ.

ನಿಜದ ಘಾಟಿಯಲ್ಲಿ ಇದಕ್ಕೆ ಪರಿಹಾರ ಬ್ಯಾಂಕರ್ ಎಂಜಿನ್, ಹಿಂದಿನಿಂದ ತಳ್ಳುವುದು. ನಮ್ಮ ಹಲಗೆಯ ಮೇಲೂ ತಳ್ಳಿಸಬಹುದು. ಆದರೆ ಹಿಂದಿನದು ಮುಂದಿನದಕ್ಕಿಂತ ಚೂರು ಜೋರಾದರೂ ನಡುವಿನ ಹಗುರ ಗಾಡಿ ಎದ್ದು ತಿರುವಿನ ಹೊರಗೆ ಹಾರುತ್ತದೆ. ಗಾಡಿಗೆ ತೂಕ ಸಾಲದಿರುವುದೇ ಇದರ ಕಾರಣ. ಅಮೆರಿಕದ ರಾಷ್ಟ್ರೀಯ ಮಾಡೆಲ್ ರೈಲು ಸಂಘ, 1935ರಲ್ಲಿ ಹುಟ್ಟಿದ್ದು, ಎಚ್‌ಓ ಗಾಡಿಗೆ ಹೇಳಿರುವ ತೂಕ ಒಂದು ಔನ್ಸು, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸು. ಆರಿಂಚಿನ ವ್ಯಾಗನ್ನಿಗೆ 113 ಗ್ರಾಂ ಆಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ, ಎಷ್ಟು ಕಮ್ಮಿಯೋ ಅಷ್ಟು ಕಬ್ಬಿಣದ ನಟ್ಟುಗಳನ್ನು ನೆಲಕ್ಕೆ ಹತ್ತುವಷ್ಟು ಕೆಳಗೆ ಅಂಟಿಸಬೇಕು. ಮೇಲೆ ಅಂಟಿಸಿದರೆ ಕಬ್ಬಿನ ಲಾರಿಯ ಗತಿ.

ಇಷ್ಟರವರೆಗಿನ ಕೆಲಸಕ್ಕೆ ಎರಡನೆಯವರು ಬೇಡ. ಬೇಡ ಅಂದರೆ ಬೇಡವೇ ಬೇಡ. ಇಬ್ಬರು ಸೇರಿದ ಕೂಡಲೇ ಏರಿನ ಮಾತು ಬಿಟ್ಟು ಅಳತೆಯ ಜಗಳ ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ., ಅದು ಯೂರೋಪಿನ ಹಳಿ. ನಮ್ಮ ಬ್ರಾಡ್ ಗೇಜು 1676. 87ರಿಂದ ಭಾಗಿಸಿದರೆ 19.3 ಬರಬೇಕು. ವ್ಯತ್ಯಾಸ ಮೂರು ಮಿ.ಮೀ. ಕೂಡ ಇಲ್ಲ. ಒಂಟಿಯಾಗಿ ಕಟ್ಟುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಜೊತೆಗಾರರಿದ್ದರೆ ಮೂರು ಭಾನುವಾರ ಅದರಲ್ಲೇ ಹೋಗುತ್ತದೆ. ನಾಲ್ಕನೆಯ ಭಾನುವಾರ ಒಬ್ಬರು, "ಹಾಸನ–ಮಂಗಳೂರು ಲೈನು 1979ರಲ್ಲಿ ಶುರುವಾದದ್ದೇ ಮೀಟರ್ ಗೇಜಲ್ಲಿ, 12 ಮಿ.ಮೀ. ಹಳಿ ಹಾಕಿದ್ರೆ ರಗಳೇನೇ ಇಲ್ಲ" ಅನ್ನುತ್ತಾರೆ. ಮಾತು ಖರೆ. ಅಷ್ಟರಲ್ಲಿ ಉಳಿದ ಮೂವರೂ 16.5ರ ಎಂಜಿನ್ ತಂದಾಗಿರುತ್ತದೆ.

ಬೋಗಿ ತರುವಾಗಲೂ ಅಷ್ಟೇ. ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಎಲ್‌ಎಚ್‌ಬಿ ಬೋಗಿ ನಿಜದಲ್ಲಿ ಇಪ್ಪತ್ತಮೂರೂವರೆ ಮೀಟರು, ಎಚ್‌ಓದಲ್ಲಿ 27 ಸೆಂ.ಮೀ. ಅದನ್ನು 18 ಇಂಚು ತ್ರಿಜ್ಯದ ತಿರುವಿನಲ್ಲಿ ಬಿಟ್ಟರೆ ಹೊಟ್ಟೆ ಒಳಗೆ, ತಲೆ ಬಾಲ ಹೊರಗೆ. ಸುರಂಗದ ಬಾಯಿಗೆ ಉಜ್ಜಿ ಪಾಚಿ ಸಮೇತ ಎದುರು ಬದಿಗೆ ಬರುತ್ತದೆ. ಹಳಿ ಹಾಕುವ ಮೊದಲು ಅತಿ ಉದ್ದದ ಬೋಗಿ ಯಾವುದೆಂದು ತೀರ್ಮಾನಿಸಿ, ಅದನ್ನು ಕೈಯಲ್ಲಿ ತಳ್ಳಿಕೊಂಡು ಒಂದು ಸುತ್ತು ಬರುವುದು ಒಳ್ಳೆಯದು. ಇದನ್ನು ಬಾಗಿಲು ಹಾಕಿಕೊಂಡು ಮಾಡಿ. ನಲವತ್ತು ದಾಟಿದವರು ಬಾಯಲ್ಲಿ "ಕೂ" ಅನ್ನುವುದು ಪಕ್ಕದ ಮನೆಗೆ ಕೇಳಬಾರದು.

ಇನ್ನು ಮಣ್ಣು. ಮಲೆನಾಡು ಮಾಡುವವರಿಗೆ ಹಿತ್ತಲಲ್ಲೇ ಸಾಮಾನು ಇದೆ ಎಂಬ ಭ್ರಮೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣ ಬೇಕಾದಷ್ಟಿದೆ. ಅದು ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಹತ್ತಿ ಒಳಗೆ ಸೇರಿ ಕರಕರ ಅನ್ನಿಸುತ್ತದೆ. ಮಣ್ಣನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಪ್ಲಾಸ್ಟಿಕ್ ಚೀಲ ಸುತ್ತಿದ ಅಯಸ್ಕಾಂತವನ್ನು ಮೇಲೆ ನಾಲ್ಕಾರು ಸಲ ಆಡಿಸಬೇಕು. ಚೀಲ ಯಾಕೆಂದರೆ, ಬಿಚ್ಚಿ ಕೊಡವಿದರೆ ಅಂಟಿದ್ದೆಲ್ಲ ಉದುರುತ್ತದೆ. ಹುರಿಯುವ ಬಾಣಲೆ ಮನೆಯ ಅಡುಗೆಯದ್ದಾದರೆ ಮುಂದಿನದಕ್ಕೆ ಈ ಬರಹ ಹೊಣೆಯಲ್ಲ. ಚಿಕ್ಕಮಗಳೂರಿನವರು ಕಾಫಿ ಚರಟ ಹಾಕುತ್ತಾರೆ, ಬಣ್ಣ ಅಚ್ಚುಕಟ್ಟಾಗಿ ಕೂರುತ್ತದೆ. ಬಿಸಿಲಲ್ಲಿ ಗರಿಗರಿ ಒಣಗಿಸದಿದ್ದರೆ ಜುಲೈ ಹೊತ್ತಿಗೆ ತೋಟದ ಮೇಲೆ ಬಿಳಿ ಬೂಸ್ಟು ಬಂದು ಮಲೆನಾಡು ಹೋಗಿ ಹಿಮಾಲಯ ಆಗುತ್ತದೆ. ಅಂಟಿಸಲು ಫೆವಿಕಾಲು ಒಂದು ಪಾಲು, ನೀರು ಎರಡು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಆ ಎರಡು ಹನಿ ಮರೆತರೆ ಅಂಟು ಮಣ್ಣಿಗೆ ಇಳಿಯದೆ ಕೆಸುವಿನ ಎಲೆ ಮೇಲಿನ ನೀರಿನಂತೆ ಉರುಳಾಡುತ್ತದೆ.

ಪ್ಲೈವುಡ್ಡಿಗೂ ಮಳೆಗಾಲ ಗೊತ್ತಾಗುತ್ತದೆ. ಮೇಲ್ಮೈಗೆ ಮಾತ್ರ ಬಣ್ಣ ಬಳಿದು ಕೆಳಗೆ ಹಾಗೇ ಬಿಟ್ಟರೆ ಒಂದೇ ಕಡೆಯಿಂದ ತೇವ ಕುಡಿದು ಹಪ್ಪಳದಂತೆ ಬಾಗುತ್ತದೆ. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಬಳಿಯಬೇಕು. ಬೇಸಿಗೆಯಲ್ಲಿ ಮರ ಕುಗ್ಗುತ್ತದೆ, ಹಳಿ ಕುಗ್ಗುವುದಿಲ್ಲ. ಹಳಿ ತುಂಡುಗಳ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡದವರ ರೈಲು ಮಾರ್ಚಿಯಲ್ಲಿ ಹಾವಿನಂತೆ ಓಡುತ್ತದೆ.

ಒಬ್ಬರೇ ಸಾಕು ಎನ್ನುವವರ ಗರ್ವ ಮುರಿಯುವುದು ಹಲಗೆಯ ಕೆಳಗೆ. ಕರೆಂಟು ಹಳಿಯಿಂದ ಹಳಿಗೆ ಫಿಷ್ ಪ್ಲೇಟಿನಲ್ಲೇ, ಅಂದರೆ ಹಳಿ ತುಂಡುಗಳನ್ನು ಜೋಡಿಸುವ ಪಟ್ಟಿಯಲ್ಲೇ, ದಾಟುತ್ತದೆ ಎಂದು ನಂಬಿ ಕೂತರೆ ಆರು ತಿಂಗಳಿಗೆ ಅದು ಸಡಿಲಾಗಿ ರೈಲು ನಿಂತುನಿಂತು ಹೋಗುತ್ತದೆ. ಆದ್ದರಿಂದ ಕೆಳಗೆ 1.5 ಚದರ ಮಿ.ಮೀ. ಮನೆ ವೈರಿಂಗಿನ ಜೋಡಿ ಎಳೆದು, ಪ್ರತಿ ಮೂರಡಿಗೊಮ್ಮೆ ಅದರಿಂದ ಹಳಿಗೆ ಸಣ್ಣ ವೈರು ಬೆಸೆಯಬೇಕು. ಹಿಂದಿನ ಹಳಿಗೆ ಕೆಂಪು, ಮುಂದಿನದಕ್ಕೆ ಕಪ್ಪು. ಒಬ್ಬರೇ ಇದ್ದಾಗ ಮೇಲಿನಿಂದ ತೂತಿಗೆ ವೈರು ತೂರಿಸಿ, ಮಂಡಿಯೂರಿ ಒಳಗೆ ನುಸುಳಿ, ವೈರು ಬಂದಿಲ್ಲವೆಂದು ನೋಡಿ, ಎದ್ದು ತಲೆ ಚಚ್ಚಿಸಿಕೊಂಡು, ಮತ್ತೆ ಮೇಲಿನಿಂದ ತೂರಿಸಬೇಕು. ಎಂಟಡಿಗೆ ಹನ್ನೆರಡು ತೂತಾದರೆ ಹನ್ನೆರಡು ಸಾಷ್ಟಾಂಗ. ಇಬ್ಬರಿದ್ದಾಗ ಕೆಳಗಿನಿಂದ ಒಂದು ದನಿ: "ಕೆಂಪು ಬಿಡೋ." ಮೇಲಿನಿಂದ: "ಬಿಟ್ಟೆ ಕಣಣ್ಣ." "ಇದು ಕಪ್ಪು." "ಹಂಗಾದ್ರೆ ನೀವು ಆ ಕಡೆ ತಿರುಗಿ ಮಲ್ಗಿದೀರ." ಒಂದೇ ಒಂದು ಜೋಡಿ ಅದಲುಬದಲಾದರೂ ಇಡೀ ಹಲಗೆ ಶಾರ್ಟು. ಅದಕ್ಕೇ ಎಲ್ಲವನ್ನೂ ಬೆಸೆದು ಮುಗಿಸಿ ಸ್ವಿಚ್ಚು ಹಾಕಬಾರದು. ಒಂದು ಜೋಡಿ ಬೆಸೆದ ಕೂಡಲೇ ಎರಡು ಹಳಿಗೂ ಮೀಟರು ಹಿಡಿದು ಬೀಪ್ ಬರುವುದಿಲ್ಲವೆಂದು ನೋಡಿ, ಆಮೇಲೆ ಮುಂದಿನದು. ಕೆಳಗೆ ಮಲಗಿ ಬೆಸೆಯುವಾಗ ಕಾದ ಸೀಸ ಮುಖಕ್ಕೇ ಬೀಳುವುದು, ಕನ್ನಡಕ ಬೇಕೇ ಬೇಕು. ಒಂಟಿ ಜೀವಗಳಿಗೆ ಇನ್ನೂ ಸುಲಭದ ದಾರಿ ಇದೆ: ಎಂಟು-ನಾಲ್ಕರ ಬದಲು ನಾಲ್ಕು-ಎರಡರ ಹಲಗೆಗಳನ್ನು ಮಾಡಿ, ಒಂದೊಂದನ್ನೇ ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಕೂತು ಬೆಸೆಯುವುದು.

ಹಾಡುಗಾರ ರಾಡ್ ಸ್ಟೀವರ್ಟ್ ಇಪ್ಪತ್ತಮೂರು ವರ್ಷ ಕೂತು ಅಮೆರಿಕದ ಒಂದು ನಗರವನ್ನೇ ಮಾಡೆಲ್ ಮಾಡಿದ. ಹೆಚ್ಚಿನದೆಲ್ಲ ಸ್ವಂತ ಕೈಕೆಲಸ, ಕರೆಂಟಿನ ಕೆಲಸ ಮಾತ್ರ ಬೇರೆಯವರದು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಹಲಗೆಯ ಕೆಳಗೆ ಎಲ್ಲರೂ ಸಮಾನರು.

ಕಟ್ಟುವುದು ಒಂಟಿಯಾಗಿ, ವೈರಿಂಗಿಗೆ ಇಬ್ಬರು. ಓಡಿಸುವುದಕ್ಕೆ? ಇಲ್ಲಿ ನಾಲ್ಕು ಜನ ಬೇಕು ಎಂಬುದು ನನ್ನ ಪಕ್ಷ, ಬಂದರೆ ಏನಾಗುತ್ತದೆಂದು ಗೊತ್ತಿದ್ದೂ. ಈಗಿನ ಡಿಸಿಸಿ, ಅಂದರೆ ಡಿಜಿಟಲ್ ಕಂಟ್ರೋಲ್ ಪದ್ಧತಿಯಲ್ಲಿ ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಎಂಬ ಒಂದು ಪುಟ್ಟ ಸರ್ಕಿಟ್ಟು. ಕಂಟ್ರೋಲರಿನಲ್ಲಿ ಅದರ ನಂಬರು ಒತ್ತಿದರೆ ಅದೊಂದೇ ಓಡಬೇಕು. ಆದರೆ ಹೊಸ ಡಿಕೋಡರುಗಳೆಲ್ಲ ಕಾರ್ಖಾನೆಯಿಂದ ಬರುವುದು 3 ಎಂಬ ನಂಬರು ಹೊತ್ತು. ಅರಸೀಕೆರೆಯಿಂದ ಒಬ್ಬರು, ಬೇಲೂರಿನಿಂದ ಒಬ್ಬರು, ಆಲೂರಿನಿಂದ ಒಬ್ಬರು ಹೊಸ ಎಂಜಿನ್ ಹಿಡಿದು ಬಂದು, ಒಂದೇ ಹಳಿಯಲ್ಲಿಟ್ಟು, ಯಾರೋ 3 ಒತ್ತಿದ ಕೂಡಲೇ ಮೂರೂ ಹೊರಡುತ್ತವೆ. ನಂಬರು ಬದಲಿಸೋಣವೆಂದು ಅಲ್ಲೇ ಪ್ರೋಗ್ರಾಮ್ ಮಾಡಿದರೆ ಮೂರಕ್ಕೂ ಹೊಸ ನಂಬರು ಕೂರುತ್ತದೆ, ಅದೂ ಒಂದೇ. ಬೇರೆಯಾಗಿ ಒಂದಡಿ ಹಳಿ ಇಟ್ಟು, ಒಂದು ಸಲಕ್ಕೆ ಒಂದೇ ಎಂಜಿನ್ ನಿಲ್ಲಿಸಿ, ಅದರ ಮೈಮೇಲೆ ಬರೆದ ನಂಬರಿನ ಕೊನೆಯ ಎರಡಂಕಿ ಕೊಡುವುದೇ ಸರಿಯಾದ ನಾಮಕರಣ.

ಆಮೇಲೆ ಶಾರ್ಟು. ಪಾಯಿಂಟು, ಅಂದರೆ ಹಳಿ ಕವಲೊಡೆಯುವ ಜಾಗ, ತಪ್ಪಾಗಿ ತಿರುಗಿದ್ದ ಕಡೆ ಒಬ್ಬರು ಗಾಡಿ ನುಗ್ಗಿಸುತ್ತಾರೆ, ನಾಲ್ವರ ರೈಲೂ ನಿಲ್ಲುತ್ತದೆ, "ನಾನಲ್ಲ" ಎಂದು ನಾಲ್ವರೂ ಹೇಳುತ್ತಾರೆ. ಒಬ್ಬರೇ ಇದ್ದಾಗ ಈ ತನಿಖೆಯ ರಗಳೆ ಇಲ್ಲ. ಪರಿಹಾರ ಬಸ್ ಸ್ಟ್ಯಾಂಡಿನ ಹತ್ತಿರದ ಆಟೋ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತದೆ: ಕಾರಿನ 12 ವೋಲ್ಟು 21 ವ್ಯಾಟಿನ ಬಲ್ಬು. ಹಳಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೆ ಹೋಗುವ ಒಂದು ವೈರನ್ನು ಕತ್ತರಿಸಿ ನಡುವೆ ಒಂದೊಂದು ಬಲ್ಬು. ಶಾರ್ಟಾದ ಭಾಗದ ಬಲ್ಬು ಮಾತ್ರ ಝಗ್ಗೆಂದು ಉರಿಯುತ್ತದೆ, ಉಳಿದವರ ರೈಲು ಓಡುತ್ತಿರುತ್ತದೆ. ಅಪರಾಧಿಯ ಮುಖವೂ ಆ ಬೆಳಕಿನಲ್ಲಿ ಕಾಣುತ್ತದೆ. ಬಲ್ಬು ಕಾಯುತ್ತದೆ, ಪ್ಲಾಸ್ಟಿಕ್ಕಿಗೆ ತಾಗದಂತೆ ಇಡಿ.

ಘಾಟಿ ಸಿಂಗಲ್ ಲೈನು, ಎದುರುಬದುರು ಗಾಡಿ ಬರಬಾರದು. ಅದಕ್ಕೆ ಟೋಕನ್ ಬೇಕು, ಪ್ಲಾಸ್ಟಿಕ್ ಬಳೆ ಸಾಕು. ಘಾಟಿಯ ದೋಣಿಗಾಲು ಸ್ಟೇಶನ್ನಿನ ಮೊಳೆಗೆ ಒಂದು ಬಳೆ, ಅದು ಕೈಯಲ್ಲಿಲ್ಲದ ಡ್ರೈವರು ಮುಂದೆ ಹೋಗುವ ಹಾಗಿಲ್ಲ. ಎಡಕುಮರಿ ಸ್ಟೇಶನ್ ತಲುಪಿ ಅಲ್ಲಿನ ಮೊಳೆಗೆ ಸಿಕ್ಕಿಸಬೇಕು. ಆಟಕ್ಕೆ ರುಚಿ ಬರುವುದೇ ಈ ಬಳೆಯಿಂದ. ಒಬ್ಬರೇ ಬಳೆ ಕೊಟ್ಟು ಒಬ್ಬರೇ ಇಸಕೊಂಡರೆ ನೋಡಿದವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಒಂದು ಎಚ್ಚರ: ಬಳೆ ಜೇಬಿನಲ್ಲಿ ಉಳಿದು ಅರಸೀಕೆರೆಗೆ ಹೋದರೆ ಮುಂದಿನ ಭಾನುವಾರದವರೆಗೆ ಘಾಟಿ ಬಂದ್. ಜೇಬಿಗೆ ಹಿಡಿಸದಷ್ಟು ದೊಡ್ಡ ಬಳೆ ತನ್ನಿ.

ಓಡಾಟಕ್ಕೆ ಜಾಗವೂ ಬೇಕು. ಒಬ್ಬರಿಗೆ ಎರಡಡಿ ಸಾಕು, ಇಬ್ಬರು ದಾಟಿ ಹೋಗಲು ಮೂರಡಿ. ಕಡುಬು ತಿಂದ ಮೇಲಿನ ಅಳತೆ ಇದು.

ಜೊತೆಗಾರರು ಸರಿ, ನೋಡಲು ಬಂದವರ ಕತೆ ಬೇರೆ. "ಏನಿದು, ಆಮೆ ಹೋದಂಗೆ ಹೋಗ್ತಾ ಐತೆ, ಸ್ವಲ್ಪ ಜೋರಾಗಿ ಬಿಡಿ ಸ್ವಾಮಿ!" ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ಎಂದರೆ ಎಚ್‌ಓದಲ್ಲಿ ಸೆಕೆಂಡಿಗೆ ಹತ್ತು ಸೆಂ.ಮೀ.ಗೂ ಚೂರು ಕಮ್ಮಿ. ಎಂಟಡಿ ದಾಟಲು ಇಪ್ಪತ್ತೈದು ಸೆಕೆಂಡು. ನೆಂಟರ ಹುಡುಗನ ಕೈಗೆ ಕೊಟ್ಟರೆ ಮೂರು ಸೆಕೆಂಡಿನಲ್ಲಿ ದಾಟಿಸುತ್ತಾನೆ, ಗಂಟೆಗೆ 255 ಕಿ.ಮೀ. ಡಿಕೋಡರಿನಲ್ಲಿ ಗರಿಷ್ಠ ವೇಗ ಇಳಿಸುವ ಸೆಟ್ಟಿಂಗ್ ಇದೆ, ಯುಗಾದಿಗೆ ಮೊದಲೇ ಇಳಿಸಿಡಿ.

ಜನವೇ ಬೇಡ ಎನ್ನುವವರಿಗೂ ದಾರಿಯಿದೆ. ಇಂಗ್ಲೆಂಡಿನ ಅಲನ್ ರೈಟ್ ಕಟ್ಟಿದ ಇಂಗಲ್‌ನುಕ್ ಎಂಬ ಆಟಕ್ಕೆ ಎರಡೇ ಪಾಯಿಂಟು, ಮೂರು ಸೈಡಿಂಗು, ಅಂದರೆ ಗಾಡಿ ನಿಲ್ಲಿಸುವ ಪಕ್ಕದ ಹಳಿ. ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಯಬೇಕು; ಎಳೆದಾಡುವ ಹಳಿಯಲ್ಲಿ ಎಂಜಿನ್ನೂ ಮೂರು ವ್ಯಾಗನ್ನೂ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಬಂದ ಐದನ್ನು ಬಂದ ಕ್ರಮದಲ್ಲೇ ಜೋಡಿಸಬೇಕು. ಒಟ್ಟು 6,720 ಬಗೆ; ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ. ಐದಾರಡಿ ಉದ್ದ, ಒಂದಡಿ ಅಗಲದ ಶೆಲ್ಫು ಸಾಕು. ಮಳೆ ಹಿಡಿದ ಮೂಡಿಗೆರೆಯ ಸಂಜೆಗೆ ಇದಕ್ಕಿಂತ ಒಳ್ಳೆಯ ಜೊತೆ ಕಷ್ಟ, ಕರೆಂಟಿದ್ದರೆ.

ಆದರೂ ಕ್ಯಾಲಿಫೋರ್ನಿಯಾದ ಜಾನ್ ಆ್ಯಲನ್ ದಾರಿಯೇ ಸರಿ ಅನ್ನಿಸುತ್ತದೆ. ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ ಕಣಿವೆಗಳನ್ನು ಬಹುಪಾಲು ತಾನೇ ಕಟ್ಟಿದ; ಓಡಿಸಲು ಮಾತ್ರ ಗೆಳೆಯರ ಗುಂಪು ತಪ್ಪದೆ ಬರುತ್ತಿತ್ತು. 1973ರ ಜನವರಿಯಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅದರಲ್ಲಿ ಹೆಚ್ಚಿನದು ಸುಟ್ಟುಹೋಯಿತು.

ಗೆಳೆಯರು ಹೊರಟ ಮೇಲೆ ಗಾಡಿ ಎಣಿಸಿ. ಒಂದು ಕಮ್ಮಿ ಬಂದರೆ ಯಾರನ್ನೂ ಶಂಕಿಸಬೇಡಿ, ಮೊದಲು ಸುರಂಗ ನೋಡಿ; ಗಾಡಿ ಹಳಿ ತಪ್ಪುವುದು ಸುರಂಗದೊಳಗೇ. ಬೆಟ್ಟ ಕಟ್ಟುವಾಗಲೇ ಹಿಂಬದಿಯಲ್ಲಿ ಕೈ ಹೋಗುವಷ್ಟು, ಒಂದು ಗೇಣಗಲದ ಕಿಂಡಿ ಬಿಟ್ಟಿರಬೇಕು, ಸುರಂಗದ ಯಾವ ಮೂಲೆಯೂ ಎರಡಡಿಗಿಂತ ದೂರ ಇರಬಾರದು. ಕೈ ಹಾಕಿದರೆ ವ್ಯಾಗನ್ ಸಿಗುತ್ತದೆ. ಅದರೊಳಗೆ ನೆಂಟರ ಹುಡುಗ ಲೋಡು ಮಾಡಿದ ಅರ್ಧ ಕೋಡುಬಳೆಯೂ ಇರುತ್ತದೆ. ಆ ಹೊತ್ತಿಗಾಗಲೇ ಇರುವೆಗಳು ದೋಣಿಗಾಲಿನ ಕಡೆಯಿಂದ ಹೊರಟಿರುತ್ತವೆ, ಹಳಿಯ ಮೇಲೇ, ಒಂದರ ಹಿಂದೆ ಒಂದು, ಬರೋಬ್ಬರಿ ಘಾಟಿಯ ಸ್ಪೀಡಿನಲ್ಲಿ.